ಹಳೇ ಹೆಂಚಿನ ಮನೆ ಉಳಿಸ್ಕೊಳ್ಳೋದು ಹೇಗೆ: ಭದ್ರಾವತಿ, ಶಿವಮೊಗ್ಗ ಕಡೆಯೋರಿಗೆ

ಭದ್ರಾವತಿ ಹಳೇನಗರದಲ್ಲೋ ಶಿವಮೊಗ್ಗದ ಕೋಟೆ ರಸ್ತೆ ಕಡೆಯೋ ತೀರ್ಥಹಳ್ಳಿ ಸಾಗರದ ಹಳ್ಳಿಲೋ ಅಜ್ಜನ ಕಾಲದ ಮನೆ ನಿಮ್ಮ ಪಾಲಿಗೆ ಬಂತು ಅಂತಿಟ್ಕೊಳ್ಳಿ, ಇಲ್ಲಾ ಅಂಥದ್ದೊಂದು ತಗೊಳ್ಳೋಣ ಅಂತ ಹೊರಟಿದ್ದೀರಿ ಅಂತಿಟ್ಕೊಳ್ಳಿ. ನೆಂಟರು, ಇಂಜಿನಿಯರು, ಪಕ್ಕದ ಮನೆಯೋರು ಎಲ್ರೂ ಹೇಳೋದು ಒಂದೇ ಮಾತು, "ಕೆಡವಿ ಆರ್‌ಸಿಸಿ ಹಾಕ್ಸಿಬಿಡಿ, ಇದಕ್ಕೆ ದುಡ್ಡು ಸುರಿಯೋದು ದಂಡ". ಸ್ವಲ್ಪ ತಡೀರಿ ಅಂತೀನಿ ನಾನು. ನಮ್ಮ ಕಡೆ ಹಳೇ ಮನೆ ವಯಸ್ಸಾಗಿ ಬೀಳೋದು ಕಮ್ಮಿ, ನೀರಿಂದ ಬೀಳೋದೇ ಜಾಸ್ತಿ. ನೀರು ಎಲ್ಲಿಂದ ಒಳಗೆ ಬರತ್ತೆ, ಎಲ್ಲಿ ನಿಲ್ಲತ್ತೆ, ಎಲ್ಲಿಂದ ಹೊರಗೆ ಹೋಗ್ಬೇಕಿತ್ತು ಅನ್ನೋದು ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೇನೆ. ಅದು ಗೊತ್ತಾಗದೆ ಪೇಂಟು ಟೈಲ್ಸು ಅಂತ ಶುರು ಮಾಡಿದ್ರೆ ಎಷ್ಟು ಖರ್ಚು ಮಾಡಿದ್ರೂ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಮೊದಲು ನಿಮ್ದು ಎಂಥ ಮನೆ ಅಂತ ಗುರುತು ಮಾಡ್ಕೊಳ್ಳಿ, ಯಾಕಂದ್ರೆ ಒಂದೊಂದಕ್ಕೆ ಒಂದೊಂದು ಮದ್ದು. ಭದ್ರಾವತಿ ಮೊದಲು ಬೆಂಕಿಪುರ, ಹೊಳೆ ದಂಡೆ ಮೇಲೆ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತ ಬೆಳೆದ ಊರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವಿಶ್ವೇಶ್ವರಯ್ಯನವರ ಯೋಜನೆ ಪ್ರಕಾರ ಕಬ್ಬಿಣದ ಕಾರ್ಖಾನೆ ಕೆಲಸ ಶುರುವಾಯ್ತು, 1923ರಲ್ಲಿ ಕಬ್ಬಿಣ ಬರೋಕೆ ಶುರು, ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಸೌದೆ ಇದ್ದಿಲು. ಆಮೇಲೆ 1936ರಲ್ಲಿ ಪೇಪರ್ ಮಿಲ್ಲು. ಕೆಲಸ ಹುಡುಕ್ಕೊಂಡು ತಮಿಳರು ತೆಲುಗರು ಮಲಯಾಳಿಗಳು ಎಲ್ಲಾ ಬಂದ್ರು, ಹಾಗಾಗಿ ಒಂದೇ ಊರಲ್ಲಿ ಮೂರು ಥರದ ಮನೆ ಸಿಗತ್ತೆ. ಹಳೇನಗರದ ಮಣ್ಣಿನ ಗೋಡೆ ಮನೆಗಳು ಕಾರ್ಖಾನೆಗಿಂತ ಹಿಂದಿನ ನಮೂನೆಯವು. ಕಾರ್ಖಾನೆ ಬಂದ ಮೇಲೆ ಕಟ್ಟಿದವು ಸುಟ್ಟ ಇಟ್ಟಿಗೆ, ಮಂಗಳೂರು ಹೆಂಚು, ಕೆಂಪು ನೆಲದ ಮನೆಗಳು. ಮೂರನೇದು ನ್ಯೂಟೌನ್, ಪೇಪರ್ ಟೌನ್ ಕಡೆ ಕ್ವಾರ್ಟರ್ಸು. ಶಿವಮೊಗ್ಗದ ಗಾಂಧಿಬಜಾರಲ್ಲಿ ಇನ್ನೊಂದು ಥರ ಇದೆ, ಮುಂದೆ ಅಂಗಡಿ, ಹಿಂದೆ ಉದ್ದಕ್ಕೆ ಮನೆ, ಮೇಲೆ ಅಟ್ಟ, ಎರಡೂ ಕಡೆ ಗೋಡೆ ಪಕ್ಕದೋರದ್ದೂ ಹೌದು ನಿಮ್ದೂ ಹೌದು. ಘಟ್ಟದ ಹತ್ರ ಹೋದ್ರೆ ನಡುವೆ ತೆರೆದ ಅಂಗಳ ಇರೋ ತೊಟ್ಟಿ ಮನೆ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಮುಂದೆ ಜಗಲಿ ಅಂಗಳ.

ಮನೆ ಎಷ್ಟು ಹಳೇದು ಅಂತ ತಿಳ್ಕೊಳ್ಳೋಕೆ ಎಲ್ರೂ ಹೆಂಚು ಮಗುಚಿ ನೋಡ್ತಾರೆ. ಒಳ್ಳೇದೇ, ಆದ್ರೆ ಒಂದು ವಿಷಯ ಗಮನದಲ್ಲಿರ್ಲಿ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ) ಹೆಂಚಿನ ಹಿಂದೆ 1865 ಅಂತ ಅಚ್ಚು ಇದ್ರೆ ಅದು ಮಂಗಳೂರಲ್ಲಿ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ, ನಿಮ್ಮ ಮನೆ ಕಟ್ಟಿದ ವರ್ಷ ಅಂತೂ ಅಲ್ವೇ ಅಲ್ಲ. ಕಾಮನ್‌ವೆಲ್ತ್ ಅಂತ ಅಚ್ಚಿದ್ರೆ ಮೊದಲ ಮಹಾಯುದ್ಧ ಆದ್ಮೇಲಿನ ಹೆಂಚು, ಯಾಕಂದ್ರೆ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಯುದ್ಧದ ನಂತರ ಆ ಕಂಪನಿ ಕೈಗೆ ಹೋದವು. ಇಷ್ಟಾದ್ರೂ ಹೆಂಚು ಒಂದು ಮನೆಯಿಂದ ಬಿಚ್ಚಿ ಇನ್ನೊಂದಕ್ಕೆ ಹೋಗೋ ವಸ್ತು, ಅದನ್ನೇ ನಂಬಿ ಕೂರಬೇಡಿ. ಮರ ನೋಡಿ. ತೊಲೆ ಮೇಲೆ ಬಾಚಿಲಿ ಕೆತ್ತಿದ ಗುರುತು ಇದೆಯಾ, ಕೂಡಿಸಿರೋ ಕಡೆ ಕಬ್ಬಿಣದ ಬೋಲ್ಟು ಇದೆಯಾ ಮರದ ಬೆಣೆ ಇದೆಯಾ, ಏನೂ ಕೂರಿಸದ ಖಾಲಿ ಗೂಡು ಕಂಬದಲ್ಲಿ ಇದ್ರೆ ಅದು ಬೇರೆ ಮನೆಯಿಂದ ಬಂದ ಕಂಬ. ಕಬ್ಬಿಣದ ಜಾಯಿಸ್ಟು (ತೊಲೆ) ಹಾಕಿದ ತಾರಸಿ ಆದ್ರೆ ಜಾಯಿಸ್ಟಿನ ಹೊಟ್ಟೆ ಮೇಲೆ ಟಾರ್ಚ್ ಬಿಟ್ಟು ನೋಡಿ, ಕಂಪನಿ ಹೆಸರು ಉಬ್ಬಿರತ್ತೆ. ಇದೆಲ್ಲಕ್ಕಿಂತ ಗಟ್ಟಿ ಆಧಾರ ಹಳೇ ಕ್ರಯಪತ್ರ, ವಿಭಾಗ ಪತ್ರ, ನಗರಸಭೆ ಕಂದಾಯದ ಪುಸ್ತಕ.

ಕೈ ಹಾಕೋ ಮುಂಚೆ ಒಂದು ಭಾನುವಾರ ಇಟ್ಕೊಂಡು ಕುಪ್ಪಳಿಗೆ ಹೋಗಿ ಕವಿಮನೆ ನೋಡ್ಕೊಂಡು ಬನ್ನಿ. ಕುವೆಂಪು ಅವರ ಮನೆ ಅಂತ ನೋಡೋದು ಬೇರೆ, ಈ ಸಲ ಮನೆ ಕೆಲಸ ನೋಡೋಕೆ ಹೋಗಿ. ತೊಟ್ಟಿ ಸುತ್ತ ಮಾಡು ಹೇಗೆ ಇಳಿದಿದೆ, ಕಂಬ ಕಲ್ಲಿನ ಮೇಲೆ ಹೇಗೆ ಕೂತಿದೆ, ತೊಲೆ ಕಂಬದ ಮೇಲೆ ಎಲ್ಲಿ ಸೇರತ್ತೆ, ಸೂರು ಗೋಡೆಯಿಂದ ಎಷ್ಟು ಮುಂದೆ ಬಂದಿದೆ ಅನ್ನೋದನ್ನ ಕಣ್ಣಲ್ಲಿ ತುಂಬ್ಕೊಳ್ಳಿ. ಶಿವಮೊಗ್ಗದಲ್ಲೇ ಇದ್ದೀರಂದ್ರೆ ತುಂಗಾ ದಂಡೆ ಹತ್ರ ಶಿವಪ್ಪ ನಾಯಕನ ಅರಮನೆ ಇದೆಯಲ್ಲ, ಅಲ್ಲಿ ಮರದ ಕಂಬಗಳನ್ನ ನಿಧಾನವಾಗಿ ನೋಡಿ. ಆಮೇಲೆ ನಿಮ್ಮನೆಗೆ ಬಂದ್ರೆ ಯಾವುದು ಮೊದಲಿಂದ ಇದ್ದಿದ್ದು, ಯಾವುದು ಯಾರೋ ಆಮೇಲೆ ಸೇರಿಸಿದ್ದು ಅಂತ ತಾನಾಗೇ ಕಾಣತ್ತೆ.

ಮನೆ ನೋಡೋ ಕಾಲ ಮಳೆಗಾಲ. ಬೇಸಿಗೇಲಿ ಎಲ್ಲಾ ಮನೆನೂ ಚೆನ್ನಾಗೇ ಕಾಣತ್ತೆ. ಆರಿದ್ರಾ ಮಳೆಲೋ ಪುನರ್ವಸು ಮಳೆಲೋ, ಎರಡು ಮೂರು ದಿನ ಬಿಡದೆ ಹೊಡೆದ ಮೇಲೆ ಹೋಗಿ, ಟಾರ್ಚು ಒಂದು ಉದ್ದದ ಸ್ಕ್ರೂಡ್ರೈವರು ತಗೊಂಡು ಹೋಗಿ, ಮೊದಲು ಅಟ್ಟ ಹತ್ತಿ. ಕತ್ತಲಲ್ಲಿ ಟಾರ್ಚ್ ಆರಿಸಿ ನಿಂತ್ರೆ ಹೆಂಚಿನ ಸಂದಿಲಿ ಬೆಳಕು ಎಲ್ಲಿ ಬರತ್ತೆ ಕಾಣತ್ತೆ, ಪಕಾಸಿ (ಮಾಡಿನ ಇಳಿಜಾರಿಗೆ ಹಾಕಿರೋ ಮರ) ಮೇಲೆ ಕಪ್ಪು ಕಲೆ ಎಲ್ಲಿದೆ ನೋಡಿ, ಕೈಯಿಟ್ಟು ನೋಡಿ ಹಸಿ ಇದೆಯಾ ಅಂತ. ಹಳೇ ಕಲೆ ಒಣಗಿದ್ರೆ ಯಾವಾಗ್ಲೋ ಸೋರಿ ನಿಂತಿದ್ದು, ಬೆರಳಿಗೆ ತಣ್ಣಗೆ ಹತ್ತಿದ್ರೆ ಈಗ್ಲೂ ಸೋರ್ತಿದೆ. ತೊಟ್ಟಿ ಮನೆ ಆದ್ರೆ ನಾಲ್ಕು ಮಾಡು ಸೇರೋ ಮೂಲೆಲಿರೋ ದೋಣಿ ಇದೆಯಲ್ಲ, ಅದನ್ನ ಎಲ್ಲಕ್ಕಿಂತ ಮೊದಲು ನೋಡ್ಬೇಕು. ಇಡೀ ಮಾಡಿನ ನೀರು ಅಲ್ಲೇ ಇಳಿಯೋದು, ತಗಡು ತುಕ್ಕು ಹಿಡಿದು ತೂತಾಗಿರತ್ತೆ, ಇಲ್ಲಾಂದ್ರೆ ಹಲಸಿನ ಎಲೆ ಕಟ್ಕೊಂಡು ನೀರು ಹಿಂದಕ್ಕೆ ಹೆಂಚಿನ ಅಡಿಗೆ ಹತ್ತಿರತ್ತೆ. ತೊಟ್ಟಿ ಕೆಳಗೆ ನೀರು ಹೊರಗೆ ಹೋಗೋ ಕಂಡಿ ಮುಚ್ಚಿಹೋಗಿದೆಯಾ ಅಂತ ಒಂದು ಬಿಂದಿಗೆ ನೀರು ಸುರಿದು ನೋಡಿ, ಅದು ನೆಲದಡಿಲಿ ಕಟ್ಟಿದ್ರೆ ಸುತ್ತಲ ಕಂಬದ ಬುಡ ಎಲ್ಲಾ ಹಾಳಾಗ್ತಿದೆ ಅಂತ ಅರ್ಥ.

ಮರಕ್ಕೆ ಬನ್ನಿ. ತೊಲೆ ನಡುವೆ ನೋಡಿ ಗಟ್ಟಿ ಇದೆ ಅಂತ ಹೇಳ್ಬೇಡಿ, ತೊಲೆ ಹಾಳಾಗೋದು ತುದಿಲಿ, ಗೋಡೆ ಒಳಗೆ ಸೇರಿರೋ ಜಾಗದಲ್ಲಿ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ, ಸಲೀಸಾಗಿ ಇಳಿದ್ರೆ ಒಳಗೆ ಹೋಗಿದೆ. ಒರಲೆ ಹಿಡಿದಿದ್ರೆ ಗೋಡೆ ಮೇಲೆ ಮಣ್ಣಿನ ಸಣ್ಣ ದಾರಿ ಇರತ್ತೆ, ಅದನ್ನ ಒಂದು ಕಡೆ ಒಡೆದುಬಿಟ್ಟು ವಾರ ಬಿಟ್ಟು ನೋಡಿ, ಮತ್ತೆ ಮುಚ್ಚಿಕೊಂಡಿದ್ರೆ ಜೀವಂತ ಇದೆ. ಕುಟ್ಟೆ (ಮರ ಕೊರೆಯೋ ಹುಳ) ಆದ್ರೆ ಕಂಬದ ಬುಡದಲ್ಲಿ ಹಿಟ್ಟಿನ ಥರ ಉದುರಿರತ್ತೆ, ಗುಡಿಸಿ ಬಿಟ್ಟು ಮತ್ತೆ ಬೀಳತ್ತಾ ಅಂತ ನೋಡ್ಬೇಕು, ಎಷ್ಟೋ ಸಲ ಅದು ಎಷ್ಟೋ ವರ್ಷದ ಹಿಂದೆ ತಿಂದು ಬಿಟ್ಟುಹೋದ ಗುರುತು ಅಷ್ಟೇ. ಅಡುಗೆಮನೆ ಮೇಲಿನ ಮರ ಮಸಿ ಹಿಡಿದು ಕಪ್ಪಗಿದ್ರೆ ಬೇಜಾರು ಮಾಡ್ಕೋಬೇಡಿ, ಸೌದೆ ಒಲೆ ಹೊಗೆ ತಿಂದ ಮರಕ್ಕೆ ಹುಳ ಹತ್ತೋದು ಕಮ್ಮಿ. ಗ್ಯಾಸ್ ಬಂದ ಮೇಲೆ ಹೊಗೆ ನಿಂತು ಎಷ್ಟೋ ಮನೆಲಿ ಮಾಡಿಗೆ ಹುಳ ಶುರುವಾಗಿದ್ದು ಹಳಬರಿಗೆಲ್ಲಾ ಗೊತ್ತು. ಆ ಮಸಿ ಕೆರೆದು ವಾರ್ನಿಶ್ ಹೊಡೆಸೋ ಆಸೆ ಬೇಡ, ಅದು ಇದ್ದ ಹಾಗೇ ಇರ್ಲಿ.

ಗೋಡೆ ಬಿರುಕು ನೋಡಿ ಹೆದರೋರು ಜಾಸ್ತಿ. ಗಾರೆ ಮೇಲೆ ಕೂದಲೆಳೆ ಥರ ಅಡ್ಡಾದಿಡ್ಡಿ ಓಡಿರೋದು ಏನೂ ಅಲ್ಲ. ಮೂಲೆಲಿ ಎರಡು ಗೋಡೆ ಸೇರೋ ಕಡೆ, ಮೇಲೆ ಅಗಲ ಕೆಳಗೆ ಸಪೂರ ಇರೋ ಬಿರುಕು ಇದ್ರೆ ಅದು ಗಂಭೀರ, ಮಾಡಿನ ಭಾರ ಗೋಡೆಯನ್ನ ಹೊರಗೆ ದೂಡ್ತಿದೆ, ಅಡ್ಡ ಹಿಡಿದಿದ್ದ ತೊಲೆ ಲಡ್ಡಾಗಿದೆ ಇಲ್ಲಾ ಯಾರೋ ರೂಮು ಎತ್ತರ ಮಾಡೋಕೆ ಅಂತ ಕೊಯ್ದು ಹಾಕಿದ್ದಾರೆ. ಬಿರುಕು ಈಗ್ಲೂ ಬೆಳೀತಿದೆಯಾ ಅಂತ ತಿಳಿಯೋಕೆ ಒಂದು ಸಣ್ಣ ಗಾಜಿನ ಪಟ್ಟಿ ಬಿರುಕಿಗೆ ಅಡ್ಡ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ತಾರೀಖು ಬರೆದಿಡಿ. ಒಂದು ಮಳೆಗಾಲ ಕಳೆದು ಗಾಜು ಒಡೆಯದೆ ಇದ್ರೆ ಗೋಡೆ ನಿಂತಿದೆ, ಬಿರುಕು ತುಂಬಿಸಿದ್ರೆ ಸಾಕು.

ಊರೊಳಗಿನ ಮನೆಗಳಿಗೆ ಈಗ ಇರೋ ದೊಡ್ಡ ತೊಂದರೆ ಬೇರೆನೇ, ಅದರ ಬಗ್ಗೆ ಯಾರೂ ಮಾತಾಡಲ್ಲ. ರಸ್ತೆ. ಪ್ರತಿ ಸಲ ಡಾಂಬರು ಕಾಂಕ್ರೀಟು ಹಾಕುವಾಗ ಹಳೇದರ ಮೇಲೇ ಹಾಕಿ ಹಾಕಿ ರಸ್ತೆ ಎತ್ತರ ಆಗ್ತಾ ಬಂದು, ಮೂರು ಮೆಟ್ಲು ಹತ್ತಿ ಒಳಗೆ ಹೋಗ್ತಿದ್ದ ಮನೆಗೆ ಈಗ ಒಂದು ಮೆಟ್ಲು ಇಳಿದು ಹೋಗ್ಬೇಕು. ಪಂಚಾಂಗದ (ಗೋಡೆ ಕೆಳಗಿನ ನೆಲಗಟ್ಟಿನ) ಕಲ್ಲು ರಸ್ತೆ ಅಡಿಗೆ ಹೋದ್ರೆ ಅದರ ಮೇಲಿನ ಮಣ್ಣಿನ ಗೋಡೆ ನೇರ ನೀರು ಕುಡಿಯತ್ತೆ. ಒಳಗಡೆ ಗೋಡೆ ಬುಡದಲ್ಲಿ ಸುಣ್ಣ ಉಬ್ಬಿ ಬಿಳೀ ಉಪ್ಪು ಉದುರ್ತಿದ್ರೆ ಇದೇ ಕಾರಣ. ಇದಕ್ಕೆ ಒಳಗಿಂದ ಏನು ಬಳಿದ್ರೂ ಪ್ರಯೋಜನ ಇಲ್ಲ, ವಾಟರ್‌ಪ್ರೂಫ್ ಪೇಂಟು ಬಳಿದ್ರೆ ತೇವ ಇನ್ನೂ ಮೇಲಕ್ಕೆ ಹತ್ತತ್ತೆ, ನಾಲ್ಕಡಿ ಟೈಲ್ಸ್ ಅಂಟಿಸಿದ್ರೆ ಐದನೇ ಅಡಿಲಿ ಉದುರತ್ತೆ. ಹೊರಗೆ ಗೋಡೆ ಪಕ್ಕದಲ್ಲಿ ಒಂದೂವರೆ ಎರಡು ಅಡಿ ಅಗಲ ಅಗೆದು ಮಟ್ಟ ಇಳಿಸಿ, ಜಲ್ಲಿ ತುಂಬಿ, ಚರಂಡಿ ಕಡೆ ವಾಟ ಕೊಡಿ. ಆದ್ರೆ ಪಾಯದ ಬುಡಕ್ಕಿಂತ ಕೆಳಗೆ ಅಗೀಬೇಡಿ, ಉದ್ದಕ್ಕೂ ಒಂದೇ ಸಲ ಅಗೀಬೇಡಿ, ನಾಲ್ಕು ನಾಲ್ಕು ಅಡಿ ತುಂಡು ಮಾಡ್ಕೊಂಡು ಹೋಗಿ. ಹೊಳೆ ದಂಡೆ ಬೀದಿಗಳಾದ್ರೆ ಇನ್ನೊಂದು ಕೇಳಲೇಬೇಕು, 2019ರ ಆಗಸ್ಟಲ್ಲಿ ತುಂಗೆ ಭದ್ರೆ ಉಕ್ಕಿದಾಗ ಈ ಮನೆಗೆ ನೀರು ಬಂದಿತ್ತಾ, ಎಷ್ಟು ಎತ್ತರಕ್ಕೆ ಬಂದಿತ್ತು ಅಂತ. ಮಾರೋರನ್ನ ಕೇಳೋದಕ್ಕಿಂತ ಎದುರು ಮನೆ ಅಜ್ಜಿನ ಕೇಳಿ, ಅವರು ಗೋಡೆ ಮೇಲೆ ಕೈಯಿಟ್ಟು ತೋರಿಸ್ತಾರೆ.

ಪಾಲಾದ ಮನೆ ಬಗ್ಗೆ ಒಂದು ಮಾತು. ಅಣ್ಣತಮ್ಮ ಪಾಲಾಗಿ ನಡುಮನೆಲಿ ಗೋಡೆ ಎಬ್ಬಿಸಿರ್ತಾರೆ, ಕೆಳಗೆ ಎರಡು ಮನೆ, ಮೇಲೆ ಮಾಡು ಮಾತ್ರ ಒಂದೇ. ಆ ಕಡೆಯೋರು ಹೆಂಚು ಕೈಯಾಡಿಸದೆ ಬಿಟ್ರೆ ನೀರು ಅದೇ ತೊಲೆ ಹಿಡ್ಕೊಂಡು ನಿಮ್ಮ ಕಡೆ ಬರತ್ತೆ. ಇಂಥದ್ದು ತಗೊಳ್ಳೋರು ಆ ಕಡೆಯೋರ ಹತ್ರ ಮೊದಲೇ ಕೂತು ಮಾತಾಡಿ, ಇಬ್ರೂ ಸೇರಿ ಒಂದೇ ಸಲ ಮಾಡು ರಿಪೇರಿ ಮಾಡಿಸೋದು ಅಂತ ಒಪ್ಪಿಗೆ ಆದ್ರೆ ಮಾತ್ರ ಮುಂದುವರೀರಿ. ಆ ಕಡೆಯೋರು ಕೆಡವಿ ಕಟ್ಟೋ ಯೋಚನೆಲಿದ್ರೆ ನಡುವಿನ ಗೋಡೆ ಮಳೆಗೆ ಬತ್ತಲೆ ಆಗತ್ತೆ, ಅದಕ್ಕೆ ಹೊರಗಾರೆ ಯಾರು ಮಾಡಿಸೋದು ಅನ್ನೋದನ್ನೂ ಬರೆಸಿಕೊಳ್ಳಿ.

ಕಾಗದ ಪತ್ರ ಚುಟುಕಾಗಿ ಹೇಳ್ತೀನಿ, ಉಳಿದದ್ದು ವಕೀಲರ ಹತ್ರ ಕೇಳಿ. ಇಸಿ, ಅಂದ್ರೆ ಆಸ್ತಿಯ ಋಣಭಾರ ಪತ್ರ, ಕನಿಷ್ಠ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಸಿಗೋದು 2004ರಿಂದ ಈಚಿನದ್ದು, ಅದಕ್ಕಿಂತ ಹಿಂದಿನದ್ದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು. ಊರೊಳಗಿನ ಮನೆಗೆ ಇ-ಖಾತೆ, ಹಳ್ಳಿಲಿ ಗ್ರಾಮಠಾಣಾ ಒಳಗಿನ ಮನೆಗೆ ಪಂಚಾಯ್ತಿಯ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಹಳೇ ಮನೆಗಳಲ್ಲಿ ಎಲ್ಲಾ ತಕರಾರು ಬರೋದು ವಂಶವೃಕ್ಷದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಹಾಗಾಗಿ ಅಕ್ಕತಂಗಿಯರ ಸಹಿ ಇಲ್ಲದೆ ಯಾರು ಎಷ್ಟೇ ಧೈರ್ಯ ಹೇಳಿದ್ರೂ ಅಡ್ವಾನ್ಸ್ ಕೊಡ್ಬೇಡಿ. ಭದ್ರಾವತಿ ಕ್ವಾರ್ಟರ್ಸ್ ಮನೆಗಳಲ್ಲಿ ಇರೋರು ಕೈ ಬದಲಾಯಿಸ್ತೀವಿ ಅಂತ ಹೇಳಿದ್ರೆ ಜಾಗ ಯಾರ ಹೆಸರಲ್ಲಿದೆ ಅನ್ನೋ ದಾಖಲೆ ಮೊದಲು ಕೇಳಿ. ವಾಸಕ್ಕೆ ಕೊಟ್ಟ ಪತ್ರ ಬೇರೆ, ಮಾರೋ ಹಕ್ಕು ಬೇರೆ. ಅಂಥ ಮನೆಲಿ ವಾಸ ಇರೋರೂ ದೊಡ್ಡ ರಿಪೇರಿಗೆ ಕೈ ಹಾಕೋ ಮುಂಚೆ ಲಿಖಿತವಾಗಿ ಅನುಮತಿ ತಗೊಳ್ಳಿ.

ಈಗ ರಿಪೇರಿ. ಕ್ರಮ ಇದು, ಮೇಲಿಂದ ಕೆಳಗೆ, ಹೊರಗಿಂದ ಒಳಗೆ. ಮಾಡು, ದೋಣಿ, ಸೂರು ನೀರು ಬೀಳೋ ಜಾಗ, ಚರಂಡಿ, ಆಮೇಲೆ ಮರ ಗೋಡೆ ನೆಲ, ಕರೆಂಟು, ಕೊನೆಗೆ ಬಣ್ಣ. ಮಾಡಿನ ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿ ಯುಗಾದಿಯೊಳಗೆ ಮುಗಿಸಿ, ಏಪ್ರಿಲ್ ಮೇನಲ್ಲಿ ಗುಡುಗು ಸಿಡಿಲಿನ ಮಳೆ ಯಾವತ್ತು ಬರತ್ತೆ ಹೇಳೋಕಾಗಲ್ಲ, ಹೆಂಚು ಬಿಚ್ಚಿಟ್ಟ ಮನೆ ಮೇಲೆ ಒಂದು ಮಳೆ ಹೊಡೆದ್ರೆ ಮಣ್ಣಿನ ಗೋಡೆ ಗತಿ ಮುಗೀತು.

ಹೆಂಚು ಬಿಚ್ಚಿದ್ದನ್ನ ರಾಶಿ ಹಾಕ್ಬೇಡಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ. ಬೆರಳು ಮಡಿಸಿ ತಟ್ಟಿ ನೋಡಿ, ಠಣ್ ಅಂದ್ರೆ ಇನ್ನೊಂದು ತಲೆಮಾರು ಬಾಳತ್ತೆ, ಬೊದ್ದು ಸದ್ದು ಬಂದ್ರೆ ಎಲ್ಲೋ ಬಿರುಕಿದೆ ಇಲ್ಲಾ ಸರಿಯಾಗಿ ಸುಟ್ಟಿಲ್ಲ. ಪಾಚಿ ಹಿಡಿದಿದ್ದನ್ನ ತೆಂಗಿನ ನಾರಿನ ಬ್ರಶ್ಶಲ್ಲಿ ತಿಕ್ಕಿ ಒಣಗಿಸಿದ್ರೆ ಸಾಕು. ಒಡೆದ ಹೆಂಚಿಗೆ ಬದಲಿ ತರುವಾಗ ಒಂದು ಹಳೇ ಹೆಂಚು ಕೈಲಿ ಹಿಡ್ಕೊಂಡೇ ಹೋಗಿ. ಮಂಗಳೂರು ಹೆಂಚು ಅಂತ ಹೆಸರು ಒಂದೇ ಆದ್ರೂ ಕಾರ್ಖಾನೆಗೊಂದು ಅಳತೆ, ಒಂದರ ಗಾಡಿಗೆ (ಅಂಚಿನ ತೋಡಿಗೆ) ಇನ್ನೊಂದು ಕೂರಲ್ಲ, ಕೂತ ಹಾಗೆ ಕಂಡ್ರೂ ಗಾಳಿ ಮಳೆಗೆ ಸೋರತ್ತೆ. ಬೇರೆ ಕಂಪನಿದು ಹಾಕಲೇಬೇಕಾದ್ರೆ ಒಂದು ಕಡೆ ಮಾಡು ಪೂರ್ತಿ ಅದೇ ಹಾಕಿ, ಬೆರಕೆ ಮಾಡ್ಬೇಡಿ. ಹಳೇ ಮನೆ ಕೆಡವೋ ಕಡೆ ಒಳ್ಳೇ ಹೆಂಚು ಸಿಗತ್ತೆ, ವಿಚಾರಿಸಿ. ಕುಂಬಾರರು ಕೈಲಿ ಮಾಡಿದ ನಾಡಹೆಂಚು ಇದ್ರೆ ಅದನ್ನ ಕೈಯಾಡಿಸೋಕೆ ಗೊತ್ತಿರೋರು ಈಗ ಕಮ್ಮಿ, ಹಳ್ಳಿ ಕಡೆ ವಿಚಾರಿಸಿ ವಯಸ್ಸಾದೋರನ್ನ ಕರೆಸಿ, ಹುಡುಗ್ರು ಜೊತೇಲಿ ನಿಂತು ಕಲೀಲಿ.

ಹೆಂಚಿನಡಿ ಪ್ಲಾಸ್ಟಿಕ್ ಶೀಟು ಹಾಸೋದು ಈಗ ಎಲ್ಲಾ ಕಡೆ ಶುರುವಾಗಿದೆ. ನನಗೆ ಅದು ಸರಿ ಕಾಣಲ್ಲ. ಗಾಳಿ ಆಡದೆ ರೀಪಿನ (ಹೆಂಚು ಕೂರೋ ಅಡ್ಡ ಪಟ್ಟಿ) ಮೇಲೆ ತೇವ ಕೂತು ಒಳಗಿಂದ್ಲೇ ಕೊಳೆಯತ್ತೆ, ಹೊರಗೆ ಕಾಣೋದೇ ಇಲ್ಲ. ಮಂಗನ ಕಾಟ ತಡೆಯೋಕಾಗಲ್ಲ ಅಂತ ಹೆಂಚು ತೆಗೆದು ತಗಡಿನ ಶೀಟು ಹಾಕಿಸಿದೋರ ಕಷ್ಟ ನನಗೆ ಅರ್ಥ ಆಗತ್ತೆ, ಮಲೆನಾಡಲ್ಲಿ ಮಂಗ ಒಂದು ಹೊತ್ತಲ್ಲಿ ಒಡೆಯೋ ಹೆಂಚಿಗೆ ಲೆಕ್ಕ ಇಲ್ಲ. ಶೀಟು ಹಾಕಲೇಬೇಕು ಅಂದ್ರೆ ಹಳೇ ಪಕಾಸಿ ತೊಲೆ ಕೊಯ್ಯದೆ ಅದರ ಮೇಲೇ ಕೂರಿಸಿ, ಸೂರು ಮೊದಲಿನಷ್ಟೇ ಮುಂದಕ್ಕೆ ಬಿಡಿ. ಸೂರು ಗಿಡ್ಡ ಮಾಡಿದ್ರೆ ಮಣ್ಣಿನ ಗೋಡೆಗೆ ಎರಚಲು ಹೊಡೆಯತ್ತೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳೋ ಜಾಗದಲ್ಲಿ ಮಣ್ಣಿನ ಗೋಡೆ ನಿಂತಿದ್ದೇ ಆ ಉದ್ದ ಸೂರಿಂದ, ಮತ್ತೆ ಮಳೆಗಾಲದಲ್ಲಿ ಗೋಡೆಗೆ ಅಡಿಕೆ ಸೋಗೆ ಕಟ್ತಿದ್ದರಿಂದ. ಗಾಳಿ ಹೊಡೆಯೋ ಕಡೆ ಗೋಡೆಗೆ ಈಗ್ಲೂ ಸೋಗೆ ತಟ್ಟಿ ಕಟ್ಟಿ, ಯಾವ ಕೆಮಿಕಲ್ಲಿಗಿಂತ ಚೆನ್ನಾಗಿ ಕೆಲಸ ಮಾಡತ್ತೆ, ತೋಟದಲ್ಲೇ ಸಿಗತ್ತೆ.

ಮರದ ಕೆಲಸಕ್ಕೆ ಆಚಾರ್ರನ್ನ ಆರಿಸೋದ್ರಲ್ಲಿ ಅವಸರ ಮಾಡ್ಬೇಡಿ. ತೊಲೆ ತುದಿ ಒಂದಡಿ ಹಾಳಾಗಿದ್ರೆ ಇಡೀ ತೊಲೆ ತೆಗೀಬೇಕು ಅನ್ನೋರಿದ್ದಾರೆ, ಒಳ್ಳೇ ಆಚಾರ್ರು ನೋಡಿದ ಕೂಡ್ಲೇ "ತುದಿ ಕೊಯ್ದು ಹೊಸ ತುಂಡು ಓರೆಯಾಗಿ ಸೇರಿಸಿ ಬೋಲ್ಟ್ ಹಾಕಿದ್ರೆ ಆಯ್ತು ಮಾರಾಯ್ರೆ, ಇಂಥ ಮರ ಈಗ ಎಲ್ಲಿ ಸಿಗತ್ತೆ" ಅಂತಾರೆ. ಅಂಥೋರನ್ನ ಬಿಡಬೇಡಿ. ಸೇರಿಸೋ ಮರವೂ ಅದೇ ಜಾತಿದು, ಚೆನ್ನಾಗಿ ಒಣಗಿದ್ದು ಆಗ್ಬೇಕು, ಹಸಿ ಮರ ಹಾಕಿದ್ರೆ ಒಂದೇ ಬೇಸಿಗೆಗೆ ಕುಗ್ಗಿ ಸಂದಿ ಬಿಡತ್ತೆ. ಗೋಡೆ ಒಳಗೆ ಹೋಗೋ ತುದಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆ ಎಣ್ಣೆ) ಬಳೀರಿ, ಕೈಗೆ ಗ್ಲೌಸ್ ಹಾಕ್ಕೊಂಡು, ಅದು ಚರ್ಮ ಸುಡತ್ತೆ. ತುದಿ ಸುತ್ತ ಸಿಮೆಂಟ್ ಮೆತ್ತದೆ ಸ್ವಲ್ಪ ಗಾಳಿ ಆಡೋಕೆ ಜಾಗ ಬಿಡಿ. ಒರಲೆಗೆ ಪಾಯದ ಸುತ್ತ ಔಷಧಿ ಹಾಕಿಸೋರು ಮನೆ ಬಾವಿ ಎಷ್ಟು ದೂರ ಇದೆ ಅಂತ ನೋಡಿ ಹಾಕ್ಸಿ, ಹಳೇ ಮನೆಗಳಲ್ಲಿ ಬಾವಿ ಹಿತ್ತಿಲ ಬಾಗಿಲ ಪಕ್ಕದಲ್ಲೇ ಇರತ್ತೆ, ಕ್ಲೋರ್‌ಪೈರಿಫಾಸ್ ಥರದ ವಿಷ ಕುಡಿಯೋ ನೀರಿಗೆ ಇಳಿದ್ರೆ ಮನೆ ಉಳಿಸಿ ಏನು ಮಾಡೋದು. ಬೀಟೆ, ಸಾಗುವಾನಿ ಮರ ಬೇರೆ ಕಡೆಯಿಂದ ತರ್ತೀರಿ ಅಂದ್ರೆ ಹಳೇ ಮನೆದೇ ಆದ್ರೂ ಲಾರಿಗೆ ಹಾಕೋ ಮುಂಚೆ ಅರಣ್ಯ ಇಲಾಖೆಲಿ ಪರವಾನಗಿ ಕೇಳ್ಕೊಳ್ಳಿ, ದಾರಿಲಿ ಹಿಡಿದ್ರೆ ಮರವೂ ಹೋಗತ್ತೆ ಕೇಸೂ ಬೀಳತ್ತೆ.

ಗೋಡೆ ವಿಷಯದಲ್ಲಿ ನಾನು ಹಠ ಹಿಡಿದು ಹೇಳೋದು ಒಂದೇ, ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬೇಡವೇ ಬೇಡ. ಮಣ್ಣು ತೇವ ಹೀರಿ ಬಿಸಿಲಿಗೆ ಬಿಡ್ತಾ ಇರತ್ತೆ, ಮೇಲೆ ಸಿಮೆಂಟ್ ಬಂದ್ರೆ ಹೀರಿದ್ದು ಹೊರಗೆ ಹೋಗೋಕೆ ದಾರಿ ಇರಲ್ಲ, ಒಳಗೆ ಮಣ್ಣು ಮೆತ್ತಗಾಗಿ ಕೆಲವು ವರ್ಷಕ್ಕೆ ಸಿಮೆಂಟ್ ಹಲಗೆ ಹಲಗೆಯಾಗಿ ಗೋಡೆ ಮಣ್ಣನ್ನೂ ಕಿತ್ಕೊಂಡು ಬೀಳತ್ತೆ. ಹೊರಗೆ ನೋಡೋಕೆ ಗಟ್ಟಿ ಇರೋದ್ರಿಂದ ಒಳಗೆ ಹಾಳಾಗಿದ್ದು ಬೀಳೋ ದಿನದ ತನಕ ಗೊತ್ತಾಗಲ್ಲ. ಮಣ್ಣಿನ ಗೋಡೆಗೆ ಮಣ್ಣೇ ಸರಿ. ಅದೇ ಜಾಗದ ಕೆಮ್ಮಣ್ಣು ಜರಡಿ ಹಿಡಿದು, ಮರಳು, ಕತ್ತರಿಸಿದ ಹುಲ್ಲು ಸೇರಿಸಿ ನೀರು ಹಾಕಿ ಕೆಲವು ದಿನ ಕೊಳೆಯೋಕೆ ಬಿಟ್ಟು ತುಳಿದು ಮೆತ್ತಿ. ಒಣಗಿದ ಮೇಲೆ ಬಿರುಕು ಬಿಟ್ರೆ ಮರಳು ಕಮ್ಮಿ ಆಗಿದೆ, ಕೈ ಸವರಿದ್ರೆ ಉದುರಿದ್ರೆ ಮರಳು ಜಾಸ್ತಿ ಆಗಿದೆ, ಅಂಗೈ ಅಗಲ ಒಂದು ಕಡೆ ಮೊದಲು ಮಾಡಿ ನೋಡಿ ಆಮೇಲೆ ಇಡೀ ಗೋಡೆಗೆ ಹೋಗಿ.

ಇಟ್ಟಿಗೆ ಮನೆಗೂ ಜಂಬಿಟ್ಟಿಗೆ ಮನೆಗೂ ಸುಣ್ಣದ ಗಾರೆ. ಸುಟ್ಟ ಸುಣ್ಣದ ಕಲ್ಲನ್ನ ನೀರಿಗೆ ಹಾಕ್ಬೇಕು, ಕಲ್ಲಿನ ಮೇಲೆ ನೀರು ಸುರಿಯೋದಲ್ಲ, ಸಿಡಿಯತ್ತೆ. ಕಣ್ಣಿಗೆ ಕನ್ನಡಕ ಇರ್ಲೇಬೇಕು, ಮಕ್ಕಳನ್ನ ದೂರ ಇಡಿ, ಪ್ಲಾಸ್ಟಿಕ್ ಡ್ರಮ್ಮು ಬೇಡ ಕಾವಿಗೆ ಮೆತ್ತಗಾಗತ್ತೆ. ಕುದ್ದು ತಣಿದ ಮೇಲೆ ಜರಡಿ ಹಿಡಿದು, ಮೇಲೆ ಸದಾ ನೀರು ನಿಂತಿರೋ ಹಾಗೆ ಕನಿಷ್ಠ ಎರಡು ಮೂರು ವಾರ ಬಿಡಿ, ಬಿಟ್ಟಷ್ಟೂ ಬೆಣ್ಣೆ ಆಗತ್ತೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಹಳಬರು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕ್ತಿದ್ರು, ಅದು ಗಾರೆಗೆ ಬಿಗಿ ಕೊಡತ್ತೆ. ಗೋಡೆ ಚೆನ್ನಾಗಿ ನೆನೆಸಿ, ಅರ್ಧ ಇಂಚಿನಷ್ಟು ಮೊದಲ ಪದರ, ಅದು ಬಿಗಿದ ಮೇಲೆ ಎರಡನೇದು, ಆಮೇಲೆ ಒಂದು ವಾರ ಗೋಣಿಚೀಲ ಒದ್ದೆ ಮಾಡಿ ಬಿಸಿಲಿಂದ ಮರೆ ಮಾಡಿ. ಸಿಮೆಂಟಿನ ಹಾಗೆ ಮರುದಿನಕ್ಕೆ ಗಟ್ಟಿ ಆಗಲ್ಲ, ಗಾರೆ ಕೆಲಸದೋರು ಬೇಜಾರಾಗಿ "ಒಂದು ಬಾಣಲಿ ಸಿಮೆಂಟ್ ಸೇರಿಸ್ಲಾ ಸಾರ್" ಅಂತ ಕೇಳ್ತಾರೆ, ಬೇಡ ಅನ್ನಿ. ಮೇಲೆ ಬಣ್ಣವೂ ಸುಣ್ಣದ್ದೇ, ಪ್ಲಾಸ್ಟಿಕ್ ಎಮಲ್ಷನ್ ಹೊಡೆದ್ರೆ ಇಷ್ಟೆಲ್ಲಾ ಮಾಡಿದ್ದು ವ್ಯರ್ಥ.

ಕೆಂಪು ನೆಲ ಇದ್ರೆ ಉಳಿಸಿ. ಸಣ್ಣ ಬಿರುಕಿಗೆ ಏನೂ ಮಾಡ್ಬೇಡಿ, ದೊಡ್ಡ ಹಳ್ಳ ಇದ್ರೆ ಆ ಅಂಕಣ ಪೂರ್ತಿ ಎಬ್ಬಿಸಿ ಹೊಸದಾಗಿ ಕಾವಿ ಹಾಕಿಸಿ ಒಂದು ವಾರ ನೀರು ನಿಲ್ಲಿಸಿ, ತೇಪೆ ಹಾಕಿದ್ರೆ ಬಣ್ಣ ಎಂದಿಗೂ ಹೊಂದಲ್ಲ.

ಬಚ್ಚಲು ಟಾಯ್ಲೆಟ್ಟು ಮನೆ ಒಳಗೇ ಬೇಕು ಅನ್ನೋದು ನ್ಯಾಯವಾದ ಆಸೆ, ವಯಸ್ಸಾದೋರು ಮಳೆಲಿ ಹಿತ್ತಿಲಿಗೆ ಹೋಗೋಕಾಗಲ್ಲ. ಆದ್ರೆ ಮಣ್ಣಿನ ಗೋಡೆಗೆ ತಾಗಿಸಿ ಕಟ್ಟಬೇಡಿ, ಹಿಂದಿನ ಕಡೆ ಹಳೇ ಬಚ್ಚಲುಮನೆ ಜಾಗದಲ್ಲಿ ತನ್ನದೇ ಗೋಡೆ ತನ್ನದೇ ಪಾಯ ಇರೋ ಹಾಗೆ ಕಟ್ಟಿ, ನಡುವೆ ಮಾಡಿನ ಕೆಳಗೆ ಓಡಾಡೋ ದಾರಿ ಮಾಡ್ಕೊಳ್ಳಿ. ನೀರಿನ ಟ್ಯಾಂಕು ಹಳೇ ಗೋಡೆ ಮೇಲೆ ಇಡಲೇಬೇಡಿ, ಸಾವಿರ ಲೀಟರ್ ಅಂದ್ರೆ ಸಾವಿರ ಕೆಜಿ, ಹಿತ್ತಿಲಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ. ಪೈಪು ಗೋಡೆ ಒಳಗೆ ಹುಗಿಯದೆ ಹೊರಗೆ ಕಾಣೋ ಹಾಗೆ ಓಡಿಸಿ, ಒಂದು ಹನಿ ಸೋರಿದ್ರೂ ಅವತ್ತೇ ಕಾಣತ್ತೆ. ಕರೆಂಟಿನ ವೈರೂ ಹಾಗೇ, ಗೋಡೆ ಕೊರೆಯದೆ ಮೇಲೇ ಪಿವಿಸಿ ಪೈಪಲ್ಲಿ ತನ್ನಿ. ಮರದ ಪಟ್ಟಿ ಮೇಲಿನ ಹಳೇ ವೈರು ಒಂದೂ ಉಳಿಸಬೇಡಿ, ಒಳ್ಳೇ ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದ್ರೆ ತಕ್ಷಣ ಕಟ್ ಮಾಡೋ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ. ಗೀಸರ್ ಎಸಿ ಎಲ್ಲಾ ಸೇರಿ ಲೋಡ್ ಹೆಚ್ಚಾದ್ರೆ ಮೆಸ್ಕಾಂನಲ್ಲಿ ಅರ್ಜಿ ಹಾಕಿ ಹೆಚ್ಚಿಸ್ಕೊಳ್ಳಿ. ಮರದ ಮಾಡಿನ ಮನೆಲಿ ಬೆಂಕಿ ಭಯ ವೈರಿಂದ್ಲೇ ಜಾಸ್ತಿ, ಇದರಲ್ಲಿ ಉಳಿತಾಯ ನೋಡ್ಬೇಡಿ.

ಎಲ್ಲಾ ಮನೆನೂ ಉಳಿಸೋಕಾಗತ್ತೆ ಅಂತ ನಾನು ಹೇಳ್ತಿಲ್ಲ. ಪಾಯವೇ ಕುಸಿದು ಗೋಡೆ ವಾಲಿ ನಿಂತಿದ್ರೆ, ಮುಖ್ಯ ಕಂಬ ತೊಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ರೆ, ಬಿಚ್ಚಿ ಒಳ್ಳೇ ಮರ ಹೆಂಚು ಬಾಗಿಲು ತೆಗೆದಿಟ್ಟು ಅದೇ ಅಳತೆಲಿ ಹೊಸದಾಗಿ ಎಬ್ಬಿಸೋದು ಸರಿ. ಬಿಚ್ಚೋ ಮುಂಚೆ ಪ್ರತಿ ಕೋಣೆ ಫೋಟೋ ತೆಗೀರಿ, ಅಳತೆ ಬರೀರಿ, ಮರಕ್ಕೆ ಸೀಮೆಸುಣ್ಣ ಅಲ್ಲ ಪೇಂಟಲ್ಲಿ ನಂಬರ್ ಹಾಕಿ.

ರಿಪೇರಿ ಆದ್ಮೇಲೆ ವರ್ಷಕ್ಕೊಂದು ಸಲ, ಮೃಗಶಿರ ಮಳೆ ಹಿಡಿಯೋ ಮುಂಚೆ, ಮಾಡು ಹತ್ತಿಸಿ ಜರುಗಿದ ಹೆಂಚು ಸರಿ ಮಾಡ್ಸಿ, ದೋಣಿ ಕಸ ತೆಗೆಸಿ, ಚರಂಡಿ ಕೆರೆಸಿ, ಗೋಡೆ ಸುತ್ತ ಒರಲೆ ದಾರಿ ಇದೆಯಾ ಅಂತ ಒಂದು ಸುತ್ತು ಬನ್ನಿ. ಮಾಡಿನ ಮೇಲೆ ಬಾಗಿರೋ ಕೊಂಬೆ ಕಡಿಸಿಬಿಡಿ. ನಿಮ್ಮ ಅಳತೆಯ ಹೆಂಚು ಒಂದೈವತ್ತು, ಒಂದೆರಡು ಗಾಜಿನ ಹೆಂಚು ಅಟ್ಟದ ಮೂಲೆಲಿ ಇಟ್ಕೊಂಡಿರಿ, ಜುಲೈನಲ್ಲಿ ಮಂಗ ಒಡೆದು ಹಾಕಿದ್ರೆ ಪೇಟೆಲಿ ಆ ಅಳತೆ ಹುಡುಕೋಕಾಗಲ್ಲ.